‘ಈ ಸಲ ನಮ್ಮಿಂದ ಆಗಲ್ಲ ಗೌಡ್ರೆ’: ಔಷಧಿ ಹೊಡೆಯುವವನ ಅನುಭವ

ಅಡಿಕೆ ತೋಟಕ್ಕೆ ಕೊಳೆರೋಗದ ಔಷಧಿ ಹೊಡೆಯುವುದು ನನ್ನ ಕೆಲಸ. ಈ ವರ್ಷ 14 ತೋಟಕ್ಕೆ ಬರಲ್ಲ ಅಂದೆ. ಆ 14ರಲ್ಲಿ 9 ಮನೆಯವರು ದೀಪಾವಳಿ ಒಳಗೆ ಅವರೇ ಫೋನ್ ಮಾಡಿ ಬೇರೆ ಕೆಲಸಕ್ಕೆ ಕರೆದರು. ‘ಬಂದ ಕೆಲಸ ಬೇಡ ಅಂದವನ ಅಂಗಳಕ್ಕೆ ಮತ್ತೆ ಯಾರೂ ಕಾಲಿಡಲ್ಲ’ ಅಂತ ನಮ್ಮ ಭಾವ ನಾಲ್ಕು ವರ್ಷದಿಂದ ಹೇಳ್ತಾ ಇದ್ದರು. ಜೊತೆಯ ತಂಡದವರೂ ಹಾಗೇ ಅಂದಿದ್ದರು. ಈಗ ಅವರೇ ಕೇಳ್ತಿದ್ದಾರೆ, ಆಗಲ್ಲ ಅಂತ ಹೇಗೆ ಹೇಳ್ತೀಯ ಅಂತ. ಅದಕ್ಕೇ ಬರೀತಿದ್ದೀನಿ.

ನಾನು ತೀರ್ಥಹಳ್ಳಿ ಕಡೆಯವನು. ಐದು ಜನರ ತಂಡ, ನೆಲದಲ್ಲೇ ನಿಂತು ಔಷಧಿ ಹೊಡೆಯುವ ಉದ್ದ ಕೋಲು ಅಂದರೆ ಕಾರ್ಬನ್ ದೋಟಿ ಎರಡು, ಒಂದು ಪಂಪು, ಒಂದು ಪಿಕಪ್. ಮೈಲುತುತ್ತ, ಸುಣ್ಣ ಸೇರಿಸಿ ಬೋರ್ಡೋ ಕಲೆಸುವುದು, ದೋಟಿ ಹಿಡಿಯುವುದು ಇದೇ ಕೆಲಸ ಮಾಡುವ ನಿಮಗೆ ಗೊತ್ತಿರುವುದೇ. ಗೊತ್ತಿಲ್ಲದೆ ನಾವೆಲ್ಲ ಸೋಲುವುದು ಮೇ ತಿಂಗಳ ಫೋನಿನಲ್ಲಿ. ಜೂನ್‌ನಲ್ಲಿ ಮೃಗಶಿರ ಮಳೆ ಹಿಡಿಯುವ ಮೊದಲು ಎಲ್ಲರಿಗೂ ಔಷಧಿ ಆಗಬೇಕು. ನಾವು ಎಲ್ಲರಿಗೂ ‘ನೋಡಾಣ, ಬರ್ತೀವಿ’ ಅಂತೀವಿ.

2018ರಲ್ಲಿ ನಾನೂ ಹಾಗೇ 38 ತೋಟ ಒಪ್ಪಿಕೊಂಡೆ. ಆಗ ನನ್ನ ಹತ್ತಿರ ದೋಟಿ ಇರಲಿಲ್ಲ, ಮರ ಹತ್ತುವ ಆಳುಗಳು, ಅಂದರೆ ಕೊನೆಗೌಡರು, ಹತ್ತಿಯೇ ಹೊಡೆಯುತ್ತಿದ್ದರು. ಮೇಗರವಳ್ಳಿ ಕಡೆ ಎರಡು ಎಕರೆ ತೋಟದ ಒಬ್ಬ ಗೌಡ್ರು ಇದ್ದರು. ‘ನಾಳೆ ಬರ್ತೀವಿ’ ಅಂತ ನಾಲ್ಕು ಸಲ ಹೇಳಿದ್ದೆ. ನಾಲ್ಕು ಸಲವೂ ಅವರು ಸಂಜೆ ಮೈಲುತುತ್ತ ನೆನೆಹಾಕಿ, ಸುಣ್ಣ ತೆಗೆದಿಟ್ಟು ಕಾದಿದ್ದರು. ನಾವು ಹೋಗುವಾಗ ಆರಿದ್ರಾ ಮಳೆ ಅರ್ಧ ಮುಗಿದಿತ್ತು. ಒಂದು ಗಂಟೆ ಮಳೆ ಬಿಟ್ಟು ಹೊಳವಾದರೆ ಹೊಡೆಯುವುದು, ಮತ್ತೆ ಮಳೆ ಬಂದು ತೊಳೆದುಕೊಂಡು ಹೋಗುವುದು. ಆ ವರ್ಷದ ಮಳೆ ಎಂಥದ್ದು ಅಂತ ನಿಮಗೂ ನೆನಪಿರಬೇಕು.

ಪುಷ್ಯ ಮಳೆಯಲ್ಲಿ ದುಡ್ಡಿಗೆ ಹೋದೆ. ಗೌಡ್ರು ಬೈಯಲಿಲ್ಲ. ಕೊಡೆ ಹಿಡಿದು ತೋಟಕ್ಕೆ ಕರೆದುಕೊಂಡು ಹೋದರು. ನೆಲ ಕಾಣದ ಹಾಗೆ ಹಸಿ ಕಾಯಿ ಉದುರಿತ್ತು. ಒಂದನ್ನು ಎತ್ತಿ ನನ್ನ ಅಂಗೈಲಿ ಇಟ್ಟರು. ತೊಟ್ಟಿನ ಸುತ್ತ ಬಿಳಿ ಬೂಸ್ಟು, ಒತ್ತಿದರೆ ಮೆತ್ತಗೆ. ‘ನೀನು ಬರಲ್ಲ ಅಂತ ಮೊದಲೇ ಅಂದಿದ್ರೆ ನಾನು ಬೇರೆಯವರನ್ನ ಕರೀತಿದ್ದೆ ಮಾರಾಯ’ ಅಂದರು. ಪೂರ್ತಿ ದುಡ್ಡು ಕೊಡಲು ಬಂದರು. ನಾನು ಅರ್ಧ ತಗೊಂಡೆ. ಅದನ್ನೂ ತಗೋಬಾರದಿತ್ತು ಅಂತ ಈಗ ಅನ್ನಿಸುತ್ತದೆ. ಆದರೆ ಮಾರನೇ ದಿನ ಆಳುಗಳಿಗೆ ಬಟವಾಡೆ ಮಾಡಬೇಕಿತ್ತು.

ಆವತ್ತೇ ನಿರ್ಧಾರ ಮಾಡಿದೆ, ಆಗದ್ದನ್ನು ಆಗಲ್ಲ ಅಂತ ಹೇಳಬೇಕು. ಹೇಳುವುದು ಹೇಗೆ ಅಂತ ಕಲಿಯಲು ಮಾತ್ರ ಮೂರು ವರ್ಷ ಹಿಡಿಯಿತು.

ಮೊದಲು ಫೋನ್ ಎತ್ತದೆ ನೋಡಿದೆ. ಬೆಳಿಗ್ಗೆ ಆರಕ್ಕೇ ಮನೆ ಜಗಲಿ ಮೇಲೆ ಬಂದು ಕೂತರು. ಉತ್ತರ ಕೊಡುವ ಕಷ್ಟ ಹೆಂಡತಿಯ ಪಾಲಾಯಿತು. ಆಮೇಲೆ ಬೆನ್ನುನೋವು ಅಂತ ಒಂದು ಸುಳ್ಳು ಹೇಳಿದೆ. ಎರಡೇ ದಿನಕ್ಕೆ ಕೋಣಂದೂರು ಪೇಟೆಯಲ್ಲಿ ಪಿಕಪ್ಪಿಗೆ ಡ್ರಮ್ಮು ಏರಿಸುವಾಗ ಅವರ ಕಣ್ಣಿಗೇ ಬಿದ್ದೆ. ಆ ಮನೆ ಇವತ್ತಿಗೂ ಸರಿಹೋಗಿಲ್ಲ. ಇನ್ನೊಬ್ಬರಿಗೆ ವಾಟ್ಸಾಪ್‌ನಲ್ಲಿ ಮಾತು ರೆಕಾರ್ಡ್ ಮಾಡಿ ಕಳಿಸಿದೆ. ಫೋನು ಮೊಮ್ಮಗನ ಕೈಲಿತ್ತು. ಯಜಮಾನರಿಗೆ ಸುದ್ದಿಯೇ ಮುಟ್ಟಲಿಲ್ಲ, ಜೂನ್ ಹತ್ತರವರೆಗೂ ನನ್ನನ್ನೇ ಕಾದರು.

ಎಲ್ಲಕ್ಕಿಂತ ಜಾಸ್ತಿ ಕೈ ಸುಟ್ಟಿದ್ದು ಡಬಲ್ ರೇಟಿನಲ್ಲಿ. ನಮ್ಮಲ್ಲಿ ಹೆಚ್ಚಿನವರು ಇದನ್ನೇ ಮಾಡುವುದು ಅಲ್ವಾ? ಬೇಡದ ತೋಟಕ್ಕೆ ರೇಟು ಏರಿಸಿ ಹೇಳಿದರೆ ಅವರೇ ಬೇಡ ಅಂತಾರೆ ಅನ್ನುವ ಲೆಕ್ಕ. ಹೊಸನಗರ ಕಡೆ ಒಂದು ಇಳಿಜಾರು ತೋಟ, ಪಿಕಪ್ ನಿಲ್ಲಿಸಿದಲ್ಲಿಂದ ಅರ್ಧ ಕಿಲೋಮೀಟರ್ ಕೆಳಗೆ. ಒಂದು ಡ್ರಮ್ಮು ಔಷಧಿ ಹೊಡೆಯಲು 1,200 ರೂಪಾಯಿ ಇದ್ದಾಗ 2,400 ಅಂದೆ. ‘ಆಯ್ತು, ಬನ್ನಿ’ ಅಂದುಬಿಟ್ಟರು! ಒಪ್ಪಿದ ಮೇಲೆ ಹಿಂದೆ ಸರಿಯಲು ಬಾಯಿಲ್ಲ. ಬೇರೆ ಕಡೆ ದಿನಕ್ಕೆ ಐದು, ಐದೂವರೆ ಡ್ರಮ್ಮು ಹೊಡೆಯುವ ತಂಡ ಅಲ್ಲಿ ಎರಡರ ಮೇಲೆ ಹೋಗಲಿಲ್ಲ. ದಿನಕ್ಕೆ 4,800 ಬಂತು, ಐದು ಜನರ ಕೂಲಿಯೇ 4,500. ಪೆಟ್ರೋಲು ಕೈಯಿಂದ. ಜೊತೆಗೆ ಮೂರು ದಿನದ ಹೊಳವು ಹಾಳಾಗಿ, ಒಪ್ಪಿಕೊಂಡಿದ್ದ ಇನ್ನೆರಡು ತೋಟ ಮಳೆಗೆ ಸಿಕ್ಕಿತು.

ಒಂದು ವರ್ಷ ಬೇರೆ ದಾರಿಯೂ ನೋಡಿದೆ. ಇಲ್ಲ ಅನ್ನುವುದೇ ಬೇಡ, ಎತ್ತರದ ಮರಕ್ಕೂ ದೋಟಿ ಮುಟ್ಟಿಸಿಬಿಡೋಣ ಅಂತ ನಮ್ಮ 60 ಅಡಿ ದೋಟಿಗೆ ಎರಡು ತುಂಡು ಜಾಸ್ತಿ ಸೇರಿಸಿದೆ. ಗಾಳಿ ಇಲ್ಲದ ಬೆಳಿಗ್ಗೆ ಚೆನ್ನಾಗೇ ನಡೆಯಿತು. ಹತ್ತು ಗಂಟೆಗೆ ಸ್ವಲ್ಪ ಗಾಳಿ ಎದ್ದಿತು. ತುದಿ ಬಿಲ್ಲಿನ ಹಾಗೆ ಬಾಗಿ ಔಷಧಿ ಅಡಿಕೆ ಕೊನೆ (ಗೊನೆ) ಬಿಟ್ಟು ಸೋಗೆಗೆಲ್ಲ ಬಿತ್ತು. ಮೂರನೇ ದಿನ ಜಾಯಿಂಟ್ ಸೀಳಿತು. ಹತ್ತಿರ ಹತ್ತಿರ 9,000 ಹೋಯಿತು. ಆ ಎತ್ತರಕ್ಕೆ ಮರ ಹತ್ತುವವರೇ ಸರಿ.

ಈಗ ಮಾಡುವುದು ಹೀಗೆ. ಉಗಾದಿ ಕಳೆದ ಮೇಲೆ ಯಾರೇ ಕರೆದರೂ ತೋಟ ನೋಡದೆ ಹೂಂ ಅನ್ನಲ್ಲ. ಮರದ ಎತ್ತರ, ಇಳಿಜಾರು, ಪಿಕಪ್ ಎಲ್ಲಿವರೆಗೆ ಹೋಗುತ್ತದೆ, ನೀರು ಎಲ್ಲಿದೆ, ಇಷ್ಟು ನೋಡುತ್ತೇನೆ. ರಾತ್ರಿ ದೋಟಿ ಹಿಡಿಯುವ ಇಬ್ಬರನ್ನೂ ಕೇಳುತ್ತೇನೆ. ಅವರಲ್ಲಿ ಒಬ್ಬ ಬೇಡ ಅಂದರೂ ಬೇಡ. ಮೂರನೇ ದಿನದೊಳಗೆ ಉತ್ತರ ಹೋಗಲೇಬೇಕು.

ಹತ್ತಿರದವರಾದರೆ ಮನೆಗೇ ಹೋಗುತ್ತೇನೆ. ಹೋದ ಕೂಡಲೇ, ಕಾಫಿ ಬರುವ ಮೊದಲೇ ಹೇಳಬೇಕು. ಕಾಫಿ ಕುಡಿದು, ಚಕ್ಕುಲಿ ತಿಂದು, ಅಡಿಕೆ ರೇಟು ಮಾತಾಡಿದ ಮೇಲೆ ನಾಲಿಗೆ ಏಳಲ್ಲ. ಒಂದು ಮನೆಯಲ್ಲಿ ಹಾಗೇ ಆಗಿ, ಬೇಡ ಅನ್ನಲು ಹೋದವನು ದಿನ ಗೊತ್ತುಮಾಡಿ ಬಂದಿದ್ದೆ.

ಕಾರಣ ಒಂದೇ ಇರಬೇಕು. ಮೊದಲು ನಾನು ಮೂರ್ನಾಲ್ಕು ಹೇಳುತ್ತಿದ್ದೆ. ರಸ್ತೆ ದೂರ ಅಂದರೆ ‘ಟ್ರ್ಯಾಕ್ಟರ್ ಕಳಿಸ್ತೀನಿ’ ಅನ್ನುತ್ತಿದ್ದರು. ಜನ ಸಾಲಲ್ಲ ಅಂದರೆ ‘ನಮ್ಮನೆ ಆಳು ಇದ್ದಾರಲ್ಲ’. ಅವರು ಒಂದೊಂದನ್ನೇ ಬಿಡಿಸುತ್ತಾ ಹೋದ ಹಾಗೆ ನಾನು ಸಿಕ್ಕಿಹಾಕಿಕೊಳ್ಳುತ್ತಿದ್ದೆ. ಈಗ ಇರುವ ಕಾರಣಗಳಲ್ಲಿ ದೊಡ್ಡದನ್ನು, ನಿಜವಾದದ್ದನ್ನು ಮಾತ್ರ ಹೇಳುತ್ತೇನೆ. ಅದೂ ನಮ್ಮ ಕೆಲಸದ ಕಡೆಯಿಂದ. ಅಪ್ಪ ಅಜ್ಜ ಮಾಡಿದ ತೋಟವನ್ನು ಸರಿಯಿಲ್ಲ ಅಂದರೆ ಯಾರಿಗೂ ಬೇಜಾರಾಗುತ್ತದೆ.

ನನ್ನ ಮಾತು ಹೆಚ್ಚುಕಡಿಮೆ ಹೀಗಿರುತ್ತದೆ: ‘ಗೌಡ್ರೆ, ತೋಟ ನೋಡಿದೆ. ಮರ 70 ಅಡಿ ದಾಟಿದೆ. ನಮ್ಮ ದೋಟಿಯಲ್ಲಿ ಕೊನೆಗೆ ಔಷಧಿ ಸರಿಯಾಗಿ ಕೂರಲ್ಲ. ಅರ್ಧಂಬರ್ಧ ಹೊಡೆದು ನಿಮ್ಮ ದುಡ್ಡು ತಗೊಳ್ಳೋದು ನಂಗೆ ಬೇಡ. ಈ ಸಲ ನಮ್ಮಿಂದ ಆಗಲ್ಲ. ಮರ ಹತ್ತಿ ಹೊಡೆಯೋ ಒಂದು ತಂಡಕ್ಕೆ ಹೇಳಿಟ್ಟಿದ್ದೀನಿ, ಇವತ್ತೇ ಫೋನ್ ಮಾಡಿ.’ ಇಷ್ಟೇ. ‘ಮುಂದಿನ ವರ್ಷ ನೋಡಾಣ’ ಅಂತ ಸೇರಿಸಬೇಡಿ. ಅವರು ಅದನ್ನು ಮಾತು ಕೊಟ್ಟ ಹಾಗೆ ಇಟ್ಟುಕೊಳ್ಳುತ್ತಾರೆ.

ಆ ತಂಡದವರನ್ನು ಮೊದಲೇ ಕೇಳಿರಬೇಕು. ಒಂದು ಸಲ ಕೇಳದೆ ನಂಬರ್ ಕೊಟ್ಟೆ, ಅವರಿಗೂ ಪುರುಸೊತ್ತಿರಲಿಲ್ಲ. ಎರಡು ಕಡೆ ಇಲ್ಲ ಅನ್ನಿಸಿಕೊಂಡ ಯಜಮಾನರಿಗೆ ನನ್ನ ಮೇಲೇ ಸಿಟ್ಟು ಬಂತು, ಬರಬೇಕಾದ್ದೇ. ಒಂದು ವರ್ಷ ಹೀಗೆ ಕಳಿಸಿದ ಕೆಲಸಕ್ಕೆ ಡ್ರಮ್ಮಿಗೆ 100 ರೂಪಾಯಿ ತಗೊಂಡೆ. ಸುದ್ದಿ ಹಬ್ಬಿ, ಕಮಿಷನ್ ಆಸೆಗೆ ಸಾಗಹಾಕ್ತಾನೆ ಅಂದರು. ಬಿಟ್ಟುಬಿಟ್ಟೆ. ಈಗ ಮೂರು ತಂಡದವರು ಗಿಡ್ಡ ಮರದ ತೋಟಗಳನ್ನು ನನ್ನ ಕಡೆ ಕಳಿಸುತ್ತಾರೆ. 100 ರೂಪಾಯಿಗಿಂತ ಅದು ಎಷ್ಟೋ ಮೇಲು.

ಮುಂಗಡವನ್ನು ಜೇಬಿಗೆ ತುರುಕುವವರು ಇದ್ದಾರೆ. ಬೇಡದ ತೋಟದ್ದಾದರೆ ಅದೇ ಸಂಜೆ ಕೈಗೇ ವಾಪಸ್ ಕೊಟ್ಟು ಬರುತ್ತೇನೆ. ಒಂದು ರಾತ್ರಿ ಮನೇಲಿದ್ದರೂ ಕಷ್ಟ. ನೆಂಟರಿಗೆ ಹೇಳುವ ಮಾತು ಬೇರೆಯೇ ಇದೆ. ಒಪ್ಪಿಕೊಂಡ ತೋಟಗಳನ್ನು ಯಾವ ಸಾಲಿನಲ್ಲಿ ಮುಗಿಸುತ್ತೇನೆ ಅನ್ನುವುದಕ್ಕೂ ನನ್ನದೇ ಒಂದು ಲೆಕ್ಕ ಇದೆ. ಅವೆರಡು ನನ್ನ ಹತ್ತಿರವೇ ಇರಲಿ.

ದುಡ್ಡಿನ ವಿಷಯ. 38 ತೋಟದ ವರ್ಷ ಕೂಲಿ, ಪೆಟ್ರೋಲು ಕಳೆದು 60 ಸಾವಿರದ ಆಸುಪಾಸು ಉಳಿದಿತ್ತು. ಈ ವರ್ಷ 24 ತೋಟ, ಒಂದೂವರೆ ಲಕ್ಷ ಉಳಿಯಿತು. ರೇಟೂ ಏರಿದೆ, ಈಗ ಡ್ರಮ್ಮಿಗೆ 1,400. ಆದರೆ ಮುಖ್ಯವಾಗಿ ಒಂದು ದಿನವೂ ಸುಮ್ನೆ ಓಡಾಟದಲ್ಲಿ ಹಾಳಾಗಲಿಲ್ಲ. 40–45 ದಿನಕ್ಕೆ ಎರಡನೇ ಔಷಧಿಯೂ ಎಲ್ಲರಿಗೂ ಹೊತ್ತಿಗೆ ಸರಿಯಾಗಿ ಆಯಿತು. ನಮ್ಮ ತಂಡಕ್ಕೆ ಇದು ಮೊದಲ ಸಲ.

ಮೇಗರವಳ್ಳಿ ಗೌಡ್ರಿಗೂ ಈ ವರ್ಷ ಆಗಲ್ಲ ಅಂದೆ. ಎಲ್ಲರಿಗಿಂತ ಮೊದಲು ಹೋಗಿದ್ದು ಅವರ ಮನೆಗೇ, ಏಪ್ರಿಲ್ ಮೊದಲ ವಾರ. ಮರ ಹತ್ತುವ ತಂಡ ಮೇ 25ರ ಹೊತ್ತಿಗೆ ಹೊಡೆದು ಮುಗಿಸಿತು. ಆಶ್ಲೇಷ ಮಳೆಯಲ್ಲಿ ಗೌಡ್ರ ಫೋನು ಬಂತು. ‘ಕೊನೆ ನಿಂತಿದೆ ಮಾರಾಯ. ಕೆಳಗೆ ಗದ್ದೆ ತೆಗೆದು ಹಾಕಿದ ಹೊಸ ತೋಟ ಇದೆ, 400 ಮರ, 30 ಅಡಿನೂ ಇಲ್ಲ. ಅದು ನಿನ್ನ ದೋಟಿಗೆ ಆಗ್ತದಾ?’ ಅಂದರು. ಬರೆದುಕೊಂಡಿದ್ದೀನಿ. ಉಗಾದಿ ಕಳೆದ ಮೇಲೆ ಹೋಗಿ ನೋಡಬೇಕು.