ನಮ್ಮ ಹಸಿ ಕಸ ಈಗ ಗೇಟು ದಾಟುವುದಿಲ್ಲ

ನಾನು ಧಾರವಾಡದವಳು. ಪುಣೆಯ ಕೊಥ್ರೂಡ್‌ಗೆ ಬಂದು ಇಪ್ಪತ್ತೆರಡು ವರ್ಷವಾಯಿತು. 48 ಮನೆಗಳ ನಮ್ಮ ಸೊಸೈಟಿಗೆ ಕಾರ್ಯದರ್ಶಿ ಆದಾಗ ನನಗೆ ಒಂದೇ ಹಟ ಇತ್ತು. ನಮ್ಮ ಹಸಿ ಕಸ ಉರುಳಿ ದೇವಾಚಿಗೆ ಹೋಗಬಾರದು, ನಮ್ಮಲ್ಲೇ ಗೊಬ್ಬರವಾಗಬೇಕು. ಪುಣೆಯ ಕಸವನ್ನು ವರ್ಷಗಟ್ಟಲೆ ತಂದು ಸುರಿದ ಊರು ಅದು. ಅಲ್ಲಿನ ಜನ ಎಷ್ಟೋ ಸಲ ರಸ್ತೆಗಿಳಿದು ಕಸದ ಗಾಡಿ ತಡೆದಿದ್ದಾರೆ.

ಇದು ಹವಾಮಾನಕ್ಕೂ ಒಳ್ಳೆಯದು ಅಂದಾಗ, ಹವಾಮಾನಕ್ಕೂ ತರಕಾರಿ ಸಿಪ್ಪೆಗೂ ಏನು ಸಂಬಂಧ ಅಂತ ಸೊಸೈಟಿ ಮೀಟಿಂಗಿನಲ್ಲಿ ಕೇಳಿದರು. ಕಸದ ಗುಡ್ಡದ ಅಡಿಯಲ್ಲಿ ಗಾಳಿ ಸಿಗದೆ ಕೊಳೆಯುವ ಅನ್ನ, ಸಿಪ್ಪೆ ಮೀಥೇನ್ ಬಿಡುತ್ತವೆ. ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಜಾಸ್ತಿ ಬಿಸಿ ಹಿಡಿಯುತ್ತದೆ. ಅದೇ ಸಿಪ್ಪೆ ಗಾಳಿಯಾಡುವ ತೊಟ್ಟಿಯಲ್ಲಿ ಕೊಳೆತರೆ ಮೀಥೇನ್ ತೀರಾ ಕಡಿಮೆ. ಇಷ್ಟನ್ನು ಹೇಳಿದೆ. ಕೆಲವರು ತಲೆಯಾಡಿಸಿದರು. ಆದರೆ ಎಲ್ಲರೂ ಒಪ್ಪಿದ್ದು ತೆರಿಗೆ ರಿಯಾಯಿತಿ ವಿಷಯ ತೆಗೆದಾಗ. ಸೋಲಾರ್, ಮಳೆನೀರು ಕೊಯ್ಲು, ಎರೆಗೊಬ್ಬರ, ಇವುಗಳಲ್ಲಿ ಒಂದಿದ್ದರೆ ಪುಣೆ ಮಹಾನಗರಪಾಲಿಕೆ ಪ್ರಾಪರ್ಟಿ ಟ್ಯಾಕ್ಸ್‌ನಲ್ಲಿ ಶೇ. 5 ರಿಯಾಯಿತಿ ಕೊಡುತ್ತದೆ, ಎರಡಿದ್ದರೆ ಶೇ. 10. ದೊಡ್ಡ ಮೊತ್ತವೇನಲ್ಲ. ಆದರೂ ಪಾಲಿಕೆಯೇ ಹೇಳುತ್ತಿದೆ ಅಂದರೆ ಜನ ಕಿವಿಗೊಡುತ್ತಾರೆ.

ಇಟ್ಟಿಗೆಯ ನಾಲ್ಕು ತೊಟ್ಟಿ ಕಟ್ಟಿಸಿದೆವು, ಗೋಡೆಯಲ್ಲಿ ಗಾಳಿಗೆ ಕಿಂಡಿ ಬಿಟ್ಟು. ಶುರು ಮಾಡಿದ್ದು ಜೂನ್‌ನಲ್ಲಿ. ಅದೇ ತಪ್ಪಾಯಿತು. ಮಳೆಗಾಲ, ಕಸದ ಒದ್ದೆ ಹೀರಲು ಬೇಕಾದ ಒಣ ಎಲೆ ಎಲ್ಲೂ ಇಲ್ಲ. ಹದಿನೈದು ದಿನಕ್ಕೆ ತೊಟ್ಟಿ ರಾಡಿಯಾಗಿ ಹುಳ ಹರಿದಾಡತೊಡಗಿದವು. ಮೊದಲ ಮಹಡಿಯ ಬೆಳಗಾವಿಯ ಅಜ್ಜ ಕರೆದು, "ಏನವ್ವಾ, ಊಟಕ್ಕ ಕುಂತ್ರ ನಾತ ತಾಟಿನ ತನಕ ಬರ್ತೈತಿ" ಅಂದರು. ಅವತ್ತು ನನಗೆ ನಿದ್ದೆ ಬರಲಿಲ್ಲ.

ದಾರಿ ತೋರಿಸಿದ್ದು ನಮ್ಮಲ್ಲಿ ಕಸ ಒಯ್ಯುವ ತಾಈ. ಮರಾಠಿಯಲ್ಲಿ ತಾಈ ಅಂದರೆ ಅಕ್ಕ. ಅವರು ಸ್ವಚ್ಛ ಸಂಸ್ಥೆಯವರು. ಕಸ ಆಯುವವರೇ ಸದಸ್ಯರಾಗಿರುವ ಆ ಸಹಕಾರ ಸಂಘ ಪಾಲಿಕೆ ಜೊತೆ ಒಪ್ಪಂದ ಮಾಡಿಕೊಂಡು 2008ರಿಂದ ಮನೆಮನೆ ಕಸ ಒಯ್ಯುತ್ತಿದೆ. ತಾಈ ತೊಟ್ಟಿಗೆ ಕೈ ಹಾಕಿ ಒಂದು ಹಿಡಿ ತೆಗೆದು ಹಿಂಡಿದರು. ನೀರು ತೊಟ್ಟಿಕ್ಕಿತು. ಹಿಂಡಿದರೆ ಕೈ ಒದ್ದೆ ಆಗಬೇಕು, ನೀರು ಬೀಳಬಾರದು ಅಂದರು. ಬಡಗಿ ಅಂಗಡಿಯಿಂದ ಮರದ ಹೊಟ್ಟು ತರಿಸಿ ಬೆರೆಸಿದೆವು. ಮೇಲೆ ತಗಡು ಹಾಕಿಸಿದೆವು. ವಾರಕ್ಕೆರಡು ಸಲ ತಿರುವಿ ಹಾಕಿದೆವು. ಸಗಣಿ ನೀರಿಗೆ ಹುಳಿ ಮಜ್ಜಿಗೆ ಸೇರಿಸಿ ಚಿಮುಕಿಸಿದೆವು. ಹತ್ತು ದಿನದಲ್ಲಿ ನಾತ ಹೋಯಿತು. ರಾಶಿಯೊಳಗೆ ಕೈ ಇಟ್ಟರೆ ಬಿಸಿ ತಾಗುತ್ತಿತ್ತು. ಅಂದರೆ ಒಳಗೆ ಗೊಬ್ಬರವಾಗುವ ಕೆಲಸ ನಡೆದಿದೆ.

ಈಗ ಒಂದು ಬುಟ್ಟಿ ಹಸಿ ಕಸಕ್ಕೆ ಎರಡು ಬುಟ್ಟಿ ತರಗೆಲೆ. ಫೆಬ್ರುವರಿ, ಮಾರ್ಚ್‌ನಲ್ಲೇ ಎಲೆ ಗೋಣಿಚೀಲಕ್ಕೆ ತುಂಬಿ ಇಡುತ್ತೇವೆ. ಎರಡು ತಿಂಗಳೊಳಗೆ ಗೊಬ್ಬರ ಜರಡಿಗೆ ಬರುತ್ತದೆ. ಒಣ ಕಸ ತಾಈ ಒಯ್ಯುತ್ತಾರೆ. ಅದನ್ನು ಮಾರಿದ ದುಡ್ಡು ಅವರದ್ದೇ. ಬೇರೆ ಮಾಡದೆ ಕೊಟ್ಟರೆ ಅವರ ಕೈಗೆ ಹೊಲಸು ತಾಗುತ್ತದೆ, ದುಡ್ಡೂ ಕಡಿಮೆಯಾಗುತ್ತದೆ. ಕಸ ಬೇರೆ ಮಾಡುವ ನಿಯಮ 2016ರಿಂದ ದೇಶಕ್ಕೆಲ್ಲ ಇದೆ. ನಮ್ಮ ಸೊಸೈಟಿಯಲ್ಲಿ ಮಾತ್ರ ಅದು ಪಾಲನೆಯಾಗಿದ್ದು ತಾಈ ಬಾಗಿಲಲ್ಲಿ ನಿಂತು ಕೇಳಿದ ಮೇಲೆ.

ಮಳೆನೀರು ಕೊಯ್ಲು ಸುಲಭವಾಗಿಯೇ ಆಯಿತು. ಟೆರೇಸ್ ನೀರನ್ನು ಸೋಸಿ ಬೋರ್‌ವೆಲ್‌ ಪಕ್ಕದ ಇಂಗುಗುಂಡಿಗೆ ಬಿಟ್ಟೆವು. ರಿಯಾಯಿತಿಗೇ ಓಡಾಟ ಜಾಸ್ತಿ. ಮೂರು ಸಲ ಅರ್ಜಿ ಕೊಟ್ಟೆ, ಫೋಟೋ ಕೊಟ್ಟೆ. ಕೊನೆಗೆ ಅಧಿಕಾರಿಯೊಬ್ಬರು ಬಂದು ಗೊಬ್ಬರ ಮುಟ್ಟಿ ನೋಡಿ ಬರೆದುಕೊಂಡರು. ಹಾಗೆ ನೋಡಲೇಬೇಕು ಅಂತ ನನ್ನ ಅಭಿಪ್ರಾಯ. ಸುಮ್ನೆ ಕಾಗದದ ಮೇಲೆ ತೊಟ್ಟಿ ತೋರಿಸಿದರೆ ಯಾರಿಗೆ ಲಾಭ, ಅಲ್ವಾ? ದೆಹಲಿಯ ಮಂತ್ರಿ ನಮ್ಮ ತೊಟ್ಟಿ ನೋಡಲು ಬರುವುದಿಲ್ಲ. ವಾರ್ಡ್ ಆಫೀಸಿನವರು ಬರಬಲ್ಲರು. ಬರದಿದ್ದರೆ ನಾವೇ ಹೋಗಿ ಕೇಳಬಹುದು.

ಈಗ ಇನ್ನೊಂದು ಬೇಡಿಕೆ ಇದೆ. ನಮ್ಮ ರಸ್ತೆಯಲ್ಲಿ ಗುಡಿಸಿದ ಎಲೆಗೆ ಬೆಳಿಗ್ಗೆ ಬೆಳಿಗ್ಗೆ ಬೆಂಕಿ ಹಚ್ಚುತ್ತಾರೆ. ಬಜೆಟ್‌ಗೆ ಸಲಹೆ ಕೊಡಿ ಅಂತ ಪುಣೆ ಪಾಲಿಕೆ 2006ರಿಂದಲೇ ಜನರನ್ನು ಕೇಳುತ್ತಿದೆ. ಈ ಸಲದ ಫಾರ್ಮ್‌ನಲ್ಲಿ, ಫುಟ್‌ಪಾತ್ ಪಕ್ಕ ಎಲೆ ತುಂಬಿಡಲು ಎರಡು ಜಾಲರಿ ಪಂಜರ ಬೇಕು ಅಂತ ಬರೆದು ಕೊಟ್ಟಿದ್ದೇವೆ. ಸುತ್ತಲಿನ ಮೂರು ಸೊಸೈಟಿಯವರೂ ಸಹಿ ಹಾಕಿದ್ದಾರೆ. ಆ ಎಲೆಯನ್ನು ನಮ್ಮ ತೊಟ್ಟಿಗಳಿಗೇ ಒಯ್ಯುತ್ತೇವೆ.