ಬುಗುರಿಗೆ ಚಾಟಿ ಸುತ್ತಿದ ಹಾಗೆ

ಹೋದ ಚಳಿಗಾಲ ಬ್ರಿಸ್ಟಲ್‌ನ ನಮ್ಮ ಅಡುಗೆಮನೆ ಮೇಜಿನ ಮೇಲೆ 18ನೇ ಶತಮಾನದ ಒಂದು ಇಂಗ್ಲಿಷ್ ಬ್ರಾಕೆಟ್ ಕ್ಲಾಕ್ ಬಿಚ್ಚಿ ಹರಡಿಕೊಂಡಿದ್ದೆ. ಬ್ರಾಕೆಟ್ ಅಂದರೆ ಗೋಡೆಗೆ ಹೊಡೆದ ಸಣ್ಣ ಹಲಗೆ, ಆದರೆ ಹೆಸರಿಗಷ್ಟೇ, ಇವು ಮೇಜಿನ ಮೇಲೆ ಕೂತಿದ್ದೇ ಜಾಸ್ತಿ. ನೆತ್ತಿಯ ಮೇಲೆ ಹಿತ್ತಾಳೆ ಹಿಡಿ ಇರುತ್ತದೆ, ಒಂದು ಕೋಣೆಯಿಂದ ಇನ್ನೊಂದಕ್ಕೆ ಎತ್ತಿಕೊಂಡು ಹೋಗಲಿಕ್ಕೆ. ಕಪ್ಪು ಪೆಟ್ಟಿಗೆ ನೋಡಿ ಎಬನಿ ಮರ ಅಂದುಕೊಂಡಿದ್ದೆ. ತಳ ತಿರುಗಿಸಿ ನೋಡಿದರೆ ಕಪ್ಪು ಬಣ್ಣ ಹಚ್ಚಿದ ಪೇರ್ ಮರ.

ಸಮಯ ತೋರಿಸುವ ಚಕ್ರಗಳನ್ನು ನಡೆಸುವ ದಾರ ತುಂಡಾಗಿತ್ತು. ಅದು ಕರುಳಿನ ದಾರ. ಸುತ್ತುವುದು ಫ್ಯೂಸಿ ಮೇಲೆ. ಫ್ಯೂಸಿ ಅಂದರೆ ಥೇಟ್ ನಮ್ಮ ಬುಗುರಿ, ಮೈತುಂಬ ಸುರುಳಿ ಗೀರು. ಕೀ ಕೊಟ್ಟ ಹೊಸತರಲ್ಲಿ ಸ್ಪ್ರಿಂಗ್ ಜೋರಾಗಿ ಎಳೆಯುತ್ತದೆ, ಆಗ ದಾರ ಬುಗುರಿಯ ಸಣ್ಣ ತುದಿಯಲ್ಲಿರುತ್ತದೆ. ಸ್ಪ್ರಿಂಗ್ ಸೋತಂತೆಲ್ಲ ದಪ್ಪ ಕಡೆಗೆ ಸರಿಯುತ್ತದೆ. ಬಾಗಿಲನ್ನು ತಿರುಗಣಿ ಹತ್ತಿರ ತಳ್ಳಿದರೆ ಕಷ್ಟ, ಅಂಚಿನಲ್ಲಿ ತಳ್ಳಿದರೆ ಸಲೀಸು ಅಲ್ವಾ? ಅದೇ ಲೆಕ್ಕ. ಹೀಗಾಗಿ ಒಮ್ಮೆ ಕೀ ಕೊಟ್ಟರೆ ನಡೆಯುವ ಎಂಟೂ ದಿನ ಚಕ್ರಗಳಿಗೆ ಹೆಚ್ಚುಕಡಿಮೆ ಒಂದೇ ಬಲ ಸಿಗುತ್ತದೆ.

ನಾನು ಎಡವಿದ್ದು ಇಲ್ಲೇ. ಹೊಸ ದಾರ ಕಟ್ಟಿ, ಅದನ್ನು ಪೂರ್ತಿಯಾಗಿ ಸ್ಪ್ರಿಂಗ್ ಇರುವ ಡಬ್ಬಿಗೆ ಸುತ್ತಿದ ಮೇಲೆ, ಕೀ ಕೊಡುವ ಮೊದಲೇ ಸ್ಪ್ರಿಂಗ್‌ಗೆ ಸ್ವಲ್ಪ ಬಿಗಿ ಕೊಡಬೇಕು. ನಾನು ಹೆದರಿ ತೀರಾ ಕಡಿಮೆ ಕೊಟ್ಟೆ. ಆರನೇ ದಿನ ಗಡಿಯಾರ ನಿಂತೇ ಹೋಯಿತು. ಮತ್ತೆ ಬಿಚ್ಚಿ, ಇನ್ನರ್ಧ ಸುತ್ತು ಬಿಗಿ ಮಾಡಿದೆ.

ನನಗೆ ತುಂಬಾ ಹಿಡಿಸಿದ್ದು ಹಿಂದಿನ ಹಿತ್ತಾಳೆ ತಟ್ಟೆ. ತುಂಬ ಹೂಬಳ್ಳಿ ಕೆತ್ತಿದ್ದಾರೆ. ಹಿಂಭಾಗ ಅಲ್ವಾ, ಯಾರು ನೋಡ್ತಾರೆ ಅನ್ನಬೇಡಿ, ಹಿಂದೆಯೂ ಗಾಜಿನ ಬಾಗಿಲಿದೆ. ಒಂದು ಹೂವಿನ ಎಸಳು ಮಾತ್ರ ಅರ್ಧಕ್ಕೇ ಕಡಿದಿತ್ತು, ಪಕ್ಕದಲ್ಲಿ ಮುಚ್ಚಿದ ಎರಡು ತೂತು. ಮೊದಲು ವರ್ಜ್ ಇದ್ದ ಜಾಗ ಅದು. ವರ್ಜ್ ಅಂದರೆ ಚಕ್ರವನ್ನು ಒಂದೊಂದೇ ಹಲ್ಲಿನಂತೆ ತಡೆದು ಬಿಡುವ ಹಳೆಯ ಬಗೆಯ ಭಾಗ. ವರ್ಜ್ ಗಡಿಯಾರ ಸಮಯ ಅಷ್ಟು ಕರಾರುವಾಕ್ಕಾಗಿ ತೋರಿಸದು, ಆದರೆ ಮೇಜು ಸ್ವಲ್ಪ ಓರೆಯಾಗಿದ್ದರೂ ಮುನಿಸಿಕೊಳ್ಳದು. ಆಮೇಲೆ ಯಾರೋ ಅದನ್ನು ತೆಗೆದು, ಅದೇ ಕೆಲಸ ಮಾಡುವ ಇನ್ನೊಂದು ಬಗೆಯಾದ ಆ್ಯಂಕರ್ ಹಾಕಿದ್ದಾರೆ. ಆ ಕಾಲದ ಎಷ್ಟೋ ಗಡಿಯಾರಗಳಿಗೆ ಹೀಗೇ ಆಗಿದೆ.

ಮಾಲೀಕರು "ವಾಪಸ್ ವರ್ಜ್ ಹಾಕ್ತೀರಾ?" ಅಂದರು. ಆಗಲ್ಲ ಅಂದೆ. ಆ್ಯಂಕರ್ ಚೆನ್ನಾಗಿ ನಡೆಯುತ್ತಿದೆ, ಹೊಸದಾಗಿ ಮಾಡಿದ ವರ್ಜ್ ಹಳೆಯದೇನೂ ಆಗುವುದಿಲ್ಲ. ತಟ್ಟೆಗೆ ಪಾಲಿಶ್ ಕೂಡ ಹಾಕಲಿಲ್ಲ, ಉಜ್ಜಿದಷ್ಟೂ ಕೆತ್ತನೆ ಸವೆಯುತ್ತದೆ.

ಈ ಸಲ ಎಂಟು ದಿನವೂ ನಡೆಯಿತು, ನಾಲ್ಕು ನಿಮಿಷ ಮುಂದೆ. ಪೆಂಡುಲಮ್ ಬಿಲ್ಲೆಯನ್ನು ಸ್ವಲ್ಪ ಕೆಳಗಿಳಿಸಿದ್ದೇನೆ.