ಉಪ್ಪಾದ ಬಾವಿನೀರು, ನಾರಿಗೆ ಅಂಟದ ಪಿಷ್ಟ

ಉದ್ಯಾವರದ ಹೊಳೆಯ ಬಳಿ ಹಳೆಯ ಹತ್ತಿ ಬಟ್ಟೆಯಿಂದ ಕೈಕಾಗದ ಮಾಡುತ್ತೇನೆ. ಬಲಕ್ಕೆಂದು ಧನಾವೇಶವಿರುವ ಕ್ಯಾಟಯಾನಿಕ್ ಪಿಷ್ಟ ಸೇರಿಸುತ್ತೇನೆ. ಮಾರ್ಚ್‌ನಲ್ಲಿ ಹಾಳೆಗಳು ಸುಲಭವಾಗಿ ಹರಿಯತೊಡಗಿದವು. ಜರಡಿಯಿಂದ ಇಳಿದ ನೀರಿಗೆ ಅಯೋಡಿನ್ ಹನಿ ಹಾಕಿದರೆ ಕಡುನೀಲಿ. ಪಿಷ್ಟ ನಾರಿಗೆ ಅಂಟದೆ ನೀರಿನಲ್ಲೇ ಉಳಿಯುತ್ತಿತ್ತು.

ಪಿಷ್ಟವನ್ನು ಇಮ್ಮಡಿ ಮಾಡಿದೆ, ನೀಲಿ ಹೆಚ್ಚಾಯಿತು. ಒಂದು ಗಂಟೆ ಕಲಕಿದೆ, ಹೊಸ ಚೀಲ ತಂದೆ, ವ್ಯತ್ಯಾಸವಿಲ್ಲ. ಪಟಿಕವನ್ನು ಮೊದಲೇ ಹಾಕಿದ್ದು ಇನ್ನೂ ಕೆಟ್ಟದಾಯಿತು, ಏಕೆಂದರೆ ನಾರಿನ ಋಣಾವೇಶದ ತಾಣಗಳನ್ನು ಪಟಿಕದ ಅಲ್ಯೂಮಿನಿಯಂ ಹಿಡಿದುಕೊಳ್ಳುತ್ತದೆ.

ಕಾರಣ ಬಾವಿಯಲ್ಲಿತ್ತು. ಬೇಸಗೆಯಲ್ಲಿ ಉಪ್ಪುನೀರು ಒಳನುಗ್ಗಿ, ಕರಗಿದ ಉಪ್ಪನ್ನು ಸೂಚಿಸುವ ವಾಹಕತೆ ಸೆಂಟಿಮೀಟರಿಗೆ 3,000 ಮೈಕ್ರೊಸೀಮೆನ್ಸ್ ಮುಟ್ಟಿತ್ತು. ಹತ್ತಿಯಲ್ಲಿ ಋಣಾವೇಶ ಕೊಡುವ ಕಾರ್ಬಾಕ್ಸಿಲ್ ಗುಂಪುಗಳು ಮೊದಲೇ ವಿರಳ. ಉಪ್ಪಿನ ಅಯಾನುಗಳು ಆ ಅಲ್ಪ ಸೆಳೆತವನ್ನೂ ಮರೆಮಾಡುತ್ತವೆ. ಪಿಷ್ಟ ಅಂಟುವಾಗ ಸಣ್ಣ ಅಯಾನುಗಳು ನೀರಿಗೆ ಬಿಡುಗಡೆಯಾಗುವುದೇ ಮುಖ್ಯ ಪ್ರೇರಣೆ. ನೀರೇ ಉಪ್ಪಾದರೆ ಅದೂ ಕುಗ್ಗುತ್ತದೆ.

ಹಾಗಾಗಿ ಸಂಗ್ರಹಿಸಿದ ಮಳೆನೀರಿಗೆ ಬದಲಾಯಿಸಿದೆ. ಕ್ರಮ ಮುಖ್ಯ. ಮೊದಲು ತಿರುಳನ್ನು, ಅಂದರೆ ನೀರಿನಲ್ಲಿ ಕದಡಿದ ಬಟ್ಟೆಯ ನಾರನ್ನು, ಪಿಎಚ್ 2ರ ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 30 ನಿಮಿಷ ಇಟ್ಟು ತೊಳೆಯಬೇಕು, ನಾರು ಹಿಡಿದಿಟ್ಟ ಕ್ಯಾಲ್ಸಿಯಂ ಹೊರಬೀಳುತ್ತದೆ. ಬಳಿಕ ಆ ಜಾಗಕ್ಕೆ ಸೋಡಿಯಂ ಬರಲು ಲೀಟರಿಗೆ 0.084 ಗ್ರಾಂ ಅಡುಗೆ ಸೋಡಾ ಹಾಕಿ, ಕಾಸ್ಟಿಕ್ ಸೋಡಾದಿಂದ ಪಿಎಚ್ 9ಕ್ಕೆ ಏರಿಸಿ 10 ನಿಮಿಷ ಕಲಕಬೇಕು. ಇಳಿಯುವ ನೀರಿನ ವಾಹಕತೆ ಸೆಂಟಿಮೀಟರಿಗೆ 100 ಮೈಕ್ರೊಸೀಮೆನ್ಸ್‌ಗಿಂತ ಕೆಳಗೆ ಬರುವವರೆಗೆ ಮಳೆನೀರಿನಲ್ಲೇ ತೊಳೆಯಬೇಕು. ಇಲ್ಲಿ ಅವಸರ ಬೇಡ.

ಪಿಷ್ಟವನ್ನೂ ಅದೇ ನೀರಿನಲ್ಲಿ ಶೇ 1ರಂತೆ ಕದಡಿ, 95 ಡಿಗ್ರಿಯಲ್ಲಿ 30 ನಿಮಿಷ ಬೇಯಿಸಿ ಆರಿಸಿದೆ. ಶೇ 0.5ರಷ್ಟು ನಾರಿರುವ ತಿರುಳಿಗೆ, ಒಣ ನಾರು ಕಿಲೋಗೆ 10 ಗ್ರಾಂ ಪಿಷ್ಟದಂತೆ ಸುರಿದು 15 ನಿಮಿಷ ನಿಧಾನವಾಗಿ ಕಲಕಿದೆ. ಪಟಿಕ ಹಾಕುವುದಿದ್ದರೆ ಇದಾದ ಮೇಲೆಯೇ. ಈಗ ಅಯೋಡಿನ್ ಹನಿ ಹಳದಿಯಾಗಿಯೇ ಉಳಿಯುತ್ತದೆ.